ಪ್ರಾಣೇಶಾಚಾರ್ಯರಿಗೆ ಇನ್ನೊಂದು ಕೆಲಸ

ನಲವತ್ತೊಂಬತ್ತನೇ ವಯಸ್ಸಿನಲ್ಲಿ ಬ್ಯಾಂಕಿನ ನೌಕರಿಗೆ ಸ್ವಯಂ ನಿವೃತ್ತಿ ಬರೆದುಕೊಟ್ಟು, ಮಾಲ್ಡೀವ್ಸಿನ ಒಂದು ಸಣ್ಣ ದ್ವೀಪದ ಶಾಲೆಗೆ ಅಕೌಂಟೆನ್ಸಿ ಮೇಷ್ಟರಾಗಿ ಹೊರಟಾಗ ನನ್ನ ಚೀಲದಲ್ಲಿ ಎರಡೇ ಎರಡು ಕನ್ನಡ ಪುಸ್ತಕಗಳಿದ್ದವು. ಒಂದು ಅನಂತಮೂರ್ತಿಯವರ 'ಸಂಸ್ಕಾರ'. ಇನ್ನೊಂದು ನಾ. ಡಿಸೋಜರ 'ದ್ವೀಪ'. ಎರಡನೆಯದನ್ನು ಇಟ್ಟುಕೊಂಡದ್ದು ತಮಾಷೆಗೆ: ದ್ವೀಪಕ್ಕೆ ಹೋಗುವವನು 'ದ್ವೀಪ' ಓದಲಿ ಅಂತ. ಮೊದಲನೆಯದನ್ನು ಯಾಕೆ ಇಟ್ಟುಕೊಂಡೆ ಎಂದು ಆಗ ಗೊತ್ತಿರಲಿಲ್ಲ. ಪದವಿಯ ದಿನಗಳಲ್ಲಿ ಪರೀಕ್ಷೆಗೆಂದು ಓದಿ, ಜಾತಿ, ಕಾಮ, ಅಸ್ತಿತ್ವವಾದ ಎಂದು ಮೂರು ಟಿಪ್ಪಣಿ ಬರೆದು ಅಂಕ ತೆಗೆದುಕೊಂಡ ಪುಸ್ತಕ ಅದು. ಎರಡು ವರ್ಷ ಪಾಠ ಮಾಡಿ ವಾಪಸ್ಸು ಬಂದ ಮೇಲೆ ಆ ಕಾದಂಬರಿಯ ಬಗ್ಗೆ ಈಗ ನನಗಿರುವ ಅಭಿಪ್ರಾಯ ಪರೀಕ್ಷೆಯಲ್ಲಿ ಬರೆದದ್ದಕ್ಕಿಂತ ಬೇರೆ. ಅದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಹೊರಟ ಕಾರಣ. ನಮ್ಮ ಮನೆ ಇರುವುದು ಹೊಸನಗರ ತಾಲೂಕಿನಲ್ಲಿ, ನಾನು ಇಪ್ಪತ್ತನಾಲ್ಕು ವರ್ಷ ಕೆಲಸ ಮಾಡಿದ್ದು ಹೆಚ್ಚಾಗಿ ಸಾಗರದಲ್ಲಿ, ಹೆಂಡತಿಯ ತವರು ತೀರ್ಥಹಳ್ಳಿ. ಈ ಮೂರು ತಾಲೂಕಿನ ಯಾರನ್ನು ಕೇಳಿದರೂ ಎಲೆಚುಕ್ಕೆ ರೋಗದ ಕತೆ ಹೇಳುತ್ತಾರೆ. ನಮ್ಮ ಎರಡೆಕರೆ ತೋಟದಲ್ಲಿ ಸೋಗೆ ಒಣಗಿ ಜೋತುಬೀಳಲು ಶುರುವಾದ ವರ್ಷವೇ ಮಗಳು ಇಂಜಿನಿಯರಿಂಗಿಗೆ ಸೇರಿದಳು. ಎಂ.ಕಾಂ. ಮುಗಿಸಿ, ಬ್ಯಾಂಕಿನ ಪರೀಕ್ಷೆ ಪಾಸಾಗುವ ಮೊದಲು ಮಾಡಿಟ್ಟಿದ್ದ ಬಿ.ಎಡ್. ಸರ್ಟಿಫಿಕೇಟು ಟ್ರಂಕಿನಲ್ಲಿ ಹಳದಿಯಾಗುತ್ತ ಬಿದ್ದಿತ್ತು. ಅದನ್ನು ಹೊರಗೆ ತೆಗೆದೆ. ಬೆಂಗಳೂರಿನ ಒಬ್ಬ ಏಜೆಂಟನಿಗೆ ದುಡ್ಡು ಕೊಟ್ಟು ಮೋಸಹೋದದ್ದೂ ಆಯಿತು. ಆಮೇಲೆ ನೇರವಾಗಿಯೇ ಅರ್ಜಿ ಹಾಕಿದೆ. ಸರ್ಟಿಫಿಕೇಟುಗಳ ದೃಢೀಕರಣ, ಪೊಲೀಸ್ ಕ್ಲಿಯರೆನ್ಸು, ವೈದ್ಯಕೀಯ ತಪಾಸಣೆ ಎಲ್ಲ ಆದ ಮೇಲೆ ಫೋನಿನ ಪರದೆಯಲ್ಲಿ ಹದಿನೈದು ನಿಮಿಷದ ಸಂದರ್ಶನ. ಸಾಗರದ ಅಡಿಕೆ ಮಂಡಿಯ ಗೆಳೆಯರೊಬ್ಬರು, "ಎಂತಕ್ಕೆ ಮಾರಾಯ್ರೆ ಈ ವಯಸ್ಸಲ್ಲಿ? ಮ್ಯಾನೇಜರ್ ಆಗಿದ್ದವರು ಹೋಗಿ ಮಕ್ಕಳ ಎದುರು ಚಾಕ್‌ಪೀಸ್ ಹಿಡಿಯೂದಾ?" ಎಂದರು. ಸಂದರ್ಶನದಲ್ಲಿ ಕೇಳಿದ್ದೂ ಹೆಚ್ಚುಕಡಿಮೆ ಅದೇ ಪ್ರಶ್ನೆ, ಸ್ವಲ್ಪ ಮರ್ಯಾದೆಯ ಇಂಗ್ಲಿಷಿನಲ್ಲಿ: ಇಷ್ಟು ವರ್ಷ ಬೇರೆ ಕೆಲಸದಲ್ಲಿದ್ದೀರಿ, ನಿಮ್ಮನ್ನು ಮೇಷ್ಟರು ಎಂದು ನಾವು ಹೇಗೆ ನಂಬುವುದು?

ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು 'ಸಂಸ್ಕಾರ'ದ ಮೂರನೇ ಭಾಗ ಓದಿ ನೋಡಿ.

ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ, ಹೆಣ ಸುಡುವವರಿಲ್ಲ, ಪ್ಲೇಗಿನ ಇಲಿಗಳು ಬೀಳುತ್ತಿವೆ. ಈ ಮೊದಲರ್ಧದ ಬಗ್ಗೆ ಯಾರದೂ ತಕರಾರಿಲ್ಲ. ತಕರಾರಿರುವುದು ಪ್ರಾಣೇಶಾಚಾರ್ಯರು ಹೆಂಡತಿಯ ಶವಸಂಸ್ಕಾರ ಮುಗಿಸಿ ಕಾಲು ಕರೆದುಕೊಂಡು ಹೋದತ್ತ ನಡೆಯಲು ಶುರುಮಾಡಿದ ಮೇಲೆ. ಅಲ್ಲಿಂದ ಕತೆ ಸೊರಗುತ್ತದೆ, ಆಚಾರ್ಯರ ತಳಮಳ ಯುರೋಪಿನ ಪುಸ್ತಕಗಳಿಂದ ಕಡ ತಂದದ್ದು ಎಂಬ ದೂರು ಹಳೆಯದು. ನಾನೂ ಅದನ್ನು ನಂಬಿದ್ದೆ. ಈಗ ನಂಬುವುದಿಲ್ಲ. ಆ ಭಾಗದಲ್ಲಿ ಆಚಾರ್ಯರಿಗೆ ಎದುರಾಗುವ ಪ್ರಶ್ನೆಗಳೆಲ್ಲ ತೀರಾ ವ್ಯಾವಹಾರಿಕವಾದವು. ಜೊತೆಗೆ ಅಂಟಿಕೊಂಡ ಮಾಲೇರರ ಪುಟ್ಟ ಬಾಯಿ ಮುಚ್ಚುವುದಿಲ್ಲ: ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ. ಮೇಳಿಗೆಯ ತೇರಿನ ದಿನ ದೇವಸ್ಥಾನದ ಪಂಕ್ತಿಯಲ್ಲಿ ಕೂತರೆ ಅಲ್ಲೂ ಅದೇ ವಿಚಾರಣೆ. ನಮ್ಮ ಕಡೆ ಯಾವ ಊಟದ ಪಂಕ್ತಿಯಲ್ಲಿ ಅಪರಿಚಿತನಾಗಿ ಕೂತರೂ ಪಲ್ಯ ಬಡಿಸುವುದರೊಳಗೆ ಊರು, ಪಂಗಡ, ಉದ್ಯೋಗ ಮೂರೂ ಹೊರಗೆ ಬರುತ್ತವೆ. ಅದಕ್ಕೆ ಅಸ್ತಿತ್ವವಾದ ಬೇಕಾಗಿಲ್ಲ.

ಆಚಾರ್ಯರು ಕಾಶಿಯಲ್ಲಿ ಓದಿ ಬಂದವರು, ವೇದಾಂತಶಿರೋಮಣಿ, ಸಂಜೆ ಪುರಾಣ ಹೇಳುವವರು. ಅಂದರೆ ಅವರು ಮೇಷ್ಟರೇ. ಅಗ್ರಹಾರ ಅವರ ಶಾಲೆ. ಒಂದು ಕ್ಲಿಷ್ಟ ಪ್ರಶ್ನೆ ಬಂತು, ಗ್ರಂಥದಲ್ಲಿ ಉತ್ತರ ಸಿಗಲಿಲ್ಲ, ಅವರು ಶಾಲೆ ಬಿಟ್ಟು ಹೊರಟರು. ಬಿಟ್ಟದ್ದು ಧರ್ಮವನ್ನೋ ನಂಬಿಕೆಯನ್ನೋ ಎಂಬುದರ ಮೇಲೆ ವಿಮರ್ಶಕರು ಪುಟಗಟ್ಟಲೆ ಬರೆದಿದ್ದಾರೆ. ಅದಕ್ಕೂ ಮೊದಲು ಬಿಟ್ಟದ್ದು ಕಸುಬನ್ನು. ಕಸುಬು ಬಿಟ್ಟ ಮನುಷ್ಯನಿಗೆ ತನ್ನನ್ನು ಪರಿಚಯಿಸಿಕೊಳ್ಳುವ ಒಂದು ವಾಕ್ಯ ಕೈತಪ್ಪುತ್ತದೆ. ದ್ವೀಪಕ್ಕೆ ಬಂದ ಮೊದಲ ವಾರ ದೋಣಿಕಟ್ಟೆಯಲ್ಲಿ, ಅಂಗಡಿಯಲ್ಲಿ, ಸ್ಟಾಫ್‌ರೂಮಿನಲ್ಲಿ ಎಲ್ಲರೂ ಕೇಳುವುದು ಊರಿನಲ್ಲಿ ಎಷ್ಟು ವರ್ಷ ಪಾಠ ಮಾಡಿದ್ದೀರಿ ಎಂದು. ನಾನು ಒಂದೊಂದು ಕಡೆ ಒಂದೊಂದು ಸಂಖ್ಯೆ ಹೇಳಿದೆ. ಬ್ಯಾಂಕಿನಲ್ಲಿ ಹೊಸಬರಿಗೆ ತರಬೇತಿ ಕೊಟ್ಟದ್ದನ್ನೂ ಸೇರಿಸಿಕೊಂಡೆ. ಸುಳ್ಳು ಅಲ್ಲ, ನಿಜವೂ ಅಲ್ಲ. ತನ್ನ ಗುರುತು ಯಾರಿಗೆ ಸಿಕ್ಕಿಬಿಡುತ್ತದೋ ಎಂದು ಪಂಕ್ತಿಯಲ್ಲಿ ತಲೆ ತಗ್ಗಿಸಿ ಕೂತ ಆಚಾರ್ಯರ ಎದೆಬಡಿತ ಎಂಥದೆಂದು ಆಗ ಗೊತ್ತಾಯಿತು. ಅದು ಪಾಪಭಯವಷ್ಟೇ ಅಲ್ಲ. ಅನರ್ಹತೆಯ ಭಯ.

ಆದ್ದರಿಂದ ಮೂರನೇ ಭಾಗವೇ ಕಾದಂಬರಿಯ ಗಟ್ಟಿ ಭಾಗ ಎಂದು ಈಗ ನನ್ನ ವಾದ. ಮೊದಲ ಭಾಗದ ಪ್ಲೇಗು, ಹದ್ದು, ಹೆಣ ಇವು ಯಾರಿಗಾದರೂ ನೆನಪಿನಲ್ಲಿ ಉಳಿಯುವಂಥವು. ಆದರೆ ಕೋಳಿಅಂಕದ ಗದ್ದಲದ ನಡುವೆ ಏನೂ ಮಾಡಲು ಬಾರದ, ಏನೂ ಅಲ್ಲದ ವಿದ್ವಾಂಸನೊಬ್ಬ ನಿಂತಿರುವುದನ್ನು ಬರೆಯುವುದು ಕಷ್ಟ.

ಈ ಕಾದಂಬರಿ ಹುಟ್ಟಿದ ಕತೆಯೂ ಒಬ್ಬ ಮೇಷ್ಟರ ಪರದೇಶವಾಸದ ಕತೆಯೇ. ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಅನಂತಮೂರ್ತಿ 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದರು, 1966ರಲ್ಲಿ ಪಿಎಚ್.ಡಿ. ಪಡೆದರು. ಅಲ್ಲಿದ್ದಾಗ ಮಾಲ್ಕಮ್ ಬ್ರಾಡ್‌ಬರಿಯವರ ಜೊತೆ ಬರ್ಗ್‌ಮನ್ನನ 'ಸೆವೆಂತ್ ಸೀಲ್' ನೋಡಿದ್ದು, ಸಬ್‌ಟೈಟಲ್ ಇಲ್ಲದ ಆ ಚಿತ್ರ ಅರ್ಧಂಬರ್ಧ ಅರ್ಥವಾಗಿ ತನ್ನ ಊರಿನ ಮಧ್ಯಯುಗ ಇನ್ನೂ ಜೀವಂತವಾಗಿದೆ ಎಂದು ಹೊಳೆದದ್ದು, ಬ್ರಾಡ್‌ಬರಿ ಅದನ್ನೇ ಬರೆಯಿರಿ ಎಂದದ್ದು, ಇವನ್ನೆಲ್ಲ ಅವರೇ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ದಿನವಿಡೀ ಇಂಗ್ಲಿಷಿನಲ್ಲಿ ಬದುಕಿದ ದಣಿವಿಗೆ ಕನ್ನಡದಲ್ಲಿ ಬರೆದ 'ಸಂಸ್ಕಾರ' 1965ರಲ್ಲಿ ಪ್ರಕಟವಾಯಿತು.

ಇದರಿಂದ ನಮ್ಮ ವಿಮರ್ಶೆಯಲ್ಲಿ ಒಂದು ಸಿದ್ಧ ಸೂತ್ರ ತಯಾರಾಗಿಬಿಟ್ಟಿದೆ: ದೂರ ಹೋದರೆ ಊರು ಸ್ಪಷ್ಟವಾಗಿ ಕಾಣುತ್ತದೆ. ಸೆಮಿನಾರುಗಳಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೋ. ನನಗೆ ಅನುಮಾನ. ದೂರ ಎಂಬುದು ಒಂದೇ ಬಗೆಯದಲ್ಲ. ವಿದ್ಯಾರ್ಥಿವೇತನದ ದೂರಕ್ಕೆ ವಾಪಸ್ಸಿನ ಟಿಕೇಟಿದೆ, ಊರಲ್ಲಿ ಕಾಯುತ್ತಿರುವ ಕುರ್ಚಿಯಿದೆ, ಗ್ರಂಥಾಲಯವಿದೆ, ಬ್ರಾಡ್‌ಬರಿಯಂಥ ಗೆಳೆಯರಿದ್ದಾರೆ. ವರ್ಷಕ್ಕೊಮ್ಮೆ ನವೀಕರಣವಾಗುವ ಗುತ್ತಿಗೆಯ ಮೇಲೆ ಹೋದವನಿಗೆ ಊರು ಕಾಣುವುದು ತಿಂಗಳ ಕೊನೆಯಲ್ಲಿ ಹಣ ಕಳಿಸುವಾಗ ಮಾತ್ರ.

ಎ.ಕೆ. ರಾಮಾನುಜನ್ ಅವರದು ಮೂರನೇ ಬಗೆಯ ದೂರ. ಬೆಳಗಾವಿ, ಬರೋಡಗಳಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಕಲಿತು, 1959ರಲ್ಲಿ ಫುಲ್‌ಬ್ರೈಟ್ ಮೇಲೆ ಅಮೆರಿಕಕ್ಕೆ ಹೋದರು. ಷಿಕಾಗೋದಲ್ಲಿ ಅವರಿಗೆ ಸಿಕ್ಕ ಕೆಲಸ ಇಂಗ್ಲಿಷಿನದಲ್ಲ, ತಮಿಳು ಮತ್ತು ದ್ರಾವಿಡ ಭಾಷೆಗಳದು. ಇಂಗ್ಲಿಷ್ ಮೇಷ್ಟರು ಪರದೇಶದಲ್ಲಿ ತಮ್ಮ ಮನೆಯ ಭಾಷೆಯ ಮೇಷ್ಟರಾದರು. ಹಳೆಯ ತಮಿಳಿನ 'ಕುರುಂತೊಗೈ' ಅವರ ಕೈಗೆ ಸಿಕ್ಕಿದ್ದು 1962ರಲ್ಲಿ, ಅಲ್ಲಿಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ. ಹೊಸ ಕಸುಬು ಹೊಸ ಪಾಂಡಿತ್ಯವನ್ನು ಹುಟ್ಟಿಸಿತು. 'ಹೊಕ್ಕುಳಲ್ಲಿ ಹೂವಿಲ್ಲ'ದಿಂದ 'ಕುಂಟೋಬಿಲ್ಲೆ'ಯವರೆಗೆ ಕನ್ನಡದ ಮೂರು ಕವನ ಸಂಕಲನಗಳು ಬಂದದ್ದೂ ಅಲ್ಲಿಗೆ ಹೋದ ಮೇಲೆಯೇ. ಅವರು 'ಸಂಸ್ಕಾರ'ವನ್ನು ಇಂಗ್ಲಿಷಿಗೆ ತಂದದ್ದು, 1976ರಲ್ಲಿ ಅದು ಪುಸ್ತಕವಾಗಿ ಬಂದದ್ದು ನಮಗೆ ಗೊತ್ತು. ಆ ಅನುವಾದಕ್ಕೆ ಬರೆದ ಹಿನ್ನುಡಿಯಲ್ಲಿ ರಾಮಾನುಜನ್ ಇದನ್ನು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ವಿಧಿಯಾಗಿ ಓದುತ್ತಾರೆ. ಸತ್ತವನ ಸಂಸ್ಕಾರಕ್ಕಿಂತ ಬದುಕಿರುವ ಆಚಾರ್ಯರ ದಾಟುವಿಕೆ ಅವರಿಗೆ ಮುಖ್ಯ. ಎರಡು ಕಸುಬುಗಳ ನಡುವೆ ಸ್ವತಃ ದಾಟಿದವರಿಗೆ ಹೀಗೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಇದೇ ಸಾಲಿನಲ್ಲಿ ಇನ್ನೊಬ್ಬರು ಬರುತ್ತಾರೆ. 1970ರ 'ಸಂಸ್ಕಾರ' ಚಿತ್ರಕ್ಕೆ ಸಂಗೀತ ಕೊಟ್ಟ ರಾಜೀವ ತಾರಾನಾಥರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಆ ಕೆಲಸ ಬಿಟ್ಟು ಸರೋದ್ ಹಿಡಿದರು. 1995ರಿಂದ ಹತ್ತು ವರ್ಷ ಕ್ಯಾಲಿಫೋರ್ನಿಯಾದ ಕಲಾಶಾಲೆಯಲ್ಲಿ ಭಾರತೀಯ ಸಂಗೀತ ಕಲಿಸಿದರು. ಕತೆ ಬರೆದವರು, ಇಂಗ್ಲಿಷಿಗೆ ತಂದವರು, ಚಿತ್ರಕ್ಕೆ ಸ್ವರ ಕೂಡಿಸಿದವರು ಮೂವರೂ ಮೇಷ್ಟರುಗಳು, ಮೂವರೂ ಒಂದಲ್ಲ ಒಂದು ಕಾಲದಲ್ಲಿ ಪರದೇಶದ ತರಗತಿಯಲ್ಲಿ ನಿಂತವರು. ಅನಂತಮೂರ್ತಿಯವರೂ ಮುಂದೆ ಅಯೋವಾ, ಟ್ಯೂಬಿಂಗನ್ ವಿಶ್ವವಿದ್ಯಾಲಯಗಳಲ್ಲಿ ಅತಿಥಿ ಪ್ರಾಧ್ಯಾಪಕರಾಗಿದ್ದರು. ನಮ್ಮ ಮಲೆನಾಡಿನ ಅಗ್ರಹಾರದ ಕತೆ ಎಂದು ನಾವು ಎದೆಗಪ್ಪಿಕೊಂಡ ಕೃತಿಯ ಸುತ್ತ ಇಷ್ಟು ಪಾಸ್‌ಪೋರ್ಟುಗಳಿವೆ.

ಹಾಗಾದರೆ ಊರಲ್ಲೇ ಉಳಿದವರಿಗೆ ಏನು ಕಂಡಿತು? ಇಲ್ಲಿ ನನ್ನ ಚೀಲದ ಎರಡನೇ ಪುಸ್ತಕ ಹೊರಗೆ ಬರುತ್ತದೆ. ಸಾಗರದಲ್ಲಿ ಹುಟ್ಟಿ, ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡಿ, ಸಾಗರದಲ್ಲೇ ಬಾಳಿದವರು ಡಿಸೋಜ. ಶರಾವತಿ ಯೋಜನೆಯ ಕೆಲಸವನ್ನು ಹತ್ತಿರದಿಂದ ಕಂಡವರು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಸಾಗರ, ಹೊಸನಗರ ತಾಲೂಕುಗಳ ಊರು, ಗದ್ದೆ, ತೋಟಗಳು ನೀರಿನಡಿ ಹೋದವು. 1819 ಅಡಿ ಎಂಬ ಸಂಖ್ಯೆ ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ಅದು ಜಲಾಶಯದ ಪೂರ್ಣಮಟ್ಟ. ನನ್ನ ಅಜ್ಜನ ಮನೆಯ ಅಡಿಪಾಯ ಆ ಮಟ್ಟಕ್ಕಿಂತ ಕೆಳಗಿತ್ತು. 'ದ್ವೀಪ'ದಲ್ಲಿ ನೀರು ಏರುತ್ತ ಗುಡ್ಡದ ಮೇಲಿನ ಗಣಪಯ್ಯನ ಸಂಸಾರ ಒಂಟಿಯಾಗುತ್ತ ಹೋಗುತ್ತದೆ. ಅಲಂಕಾರವಿಲ್ಲದ, ಕೆಲವೊಮ್ಮೆ ಕಚೇರಿಯ ವರದಿಯಷ್ಟೇ ಸರಳವಾದ ಗದ್ಯ. ಸಮುದ್ರಮಟ್ಟದಿಂದ ಸರಾಸರಿ ಒಂದೂವರೆ ಮೀಟರ್ ಎತ್ತರದ ದೇಶವೊಂದರಲ್ಲಿ ಕೂತು ಅದನ್ನು ಓದುವಾಗ ತಮಾಷೆ ಉಳಿಯಲಿಲ್ಲ. ಹತ್ತನೇ ತರಗತಿಯ ಹುಡುಗರಿಗೆ ಸವಕಳಿ ಲೆಕ್ಕ ಹೇಳಿಕೊಡುತ್ತಿದ್ದೆ: ಆಸ್ತಿಯ ಬೆಲೆ ವರ್ಷ ವರ್ಷ ಇಳಿಯುತ್ತ ಕೊನೆಗೆ ಸೊನ್ನೆಯಾಗುವ ಲೆಕ್ಕ. ಒಬ್ಬ ಹುಡುಗ, ಸರ್, ಭೂಮಿಗೆ ಯಾಕೆ ಸವಕಳಿ ಹಾಕುವುದಿಲ್ಲ ಎಂದು ಕೇಳಿದ. ಭೂಮಿ ಸವೆಯುವುದಿಲ್ಲ ಎಂಬುದು ಪಠ್ಯಪುಸ್ತಕದ ಉತ್ತರ. ಹೊಸನಗರದವನು ಮಾಲ್ಡೀವ್ಸಿನವನಿಗೆ ಆ ಉತ್ತರ ಹೇಳಬೇಕಾಯಿತು.

ಎರಡು ಕಾದಂಬರಿಗಳನ್ನು ಪಕ್ಕಪಕ್ಕ ಇಟ್ಟರೆ ದೂರದ ಸೂತ್ರಕ್ಕೆ ಇನ್ನೊಂದು ಪೆಟ್ಟು ಬೀಳುತ್ತದೆ. 'ಸಂಸ್ಕಾರ' ಬರೆಯುತ್ತಿದ್ದ ಹೊತ್ತಿಗೆ ಪಕ್ಕದ ಕಣಿವೆಯಲ್ಲಿ ಮನೆಗಳು ಮುಳುಗುತ್ತಿದ್ದವು. ಅದರ ಒಂದು ಹನಿಯೂ ಕಾದಂಬರಿಯಲ್ಲಿಲ್ಲ. ಅದರ ಕಾಲ ಹಿಂದಿನದು, ಪ್ಲೇಗಿನ ಕಾಲ, ಆದ್ದರಿಂದ ಈ ಆಕ್ಷೇಪ ಪೂರ್ತಿ ನ್ಯಾಯವಲ್ಲ ಎಂದು ಒಪ್ಪುತ್ತೇನೆ. ಆದರೂ ಬರ್ಮಿಂಗ್‌ಹ್ಯಾಮಿನಿಂದ ಕಂಡದ್ದು ಬಾಲ್ಯದ ಅಗ್ರಹಾರ. ಆ ದಿನಗಳ ಮಲೆನಾಡು ಕಂಡದ್ದು ಇಲಾಖೆಯ ನೌಕರನಿಗೆ.

'ಸಂಸ್ಕಾರ'ದ ಮೇಲೆ ನನ್ನ ನಿಜವಾದ ತಕರಾರು ಬೇರೆಯದೇ ಇದೆ. ಆಚಾರ್ಯರು ಇಷ್ಟೆಲ್ಲ ಯೋಚಿಸುತ್ತಾರಲ್ಲ, ಮುಂದೆ ಹೊಟ್ಟೆಗೇನು ಮಾಡುವುದು ಎಂಬುದು ಅವರ ಯೋಚನೆಯಲ್ಲಿ ಗಟ್ಟಿಯಾಗಿ ಕೂರುವುದೇ ಇಲ್ಲ. ಪುರಾಣ ಹೇಳುವುದನ್ನು ಬಿಟ್ಟ ಮೇಲೆ ಬೇರೇನು ಗೊತ್ತು ಈ ಮನುಷ್ಯನಿಗೆ? ಹೊಲ ಉಳಲು ಬರುವುದಿಲ್ಲ, ಅಂಗಡಿ ಇಡಲು ಬರುವುದಿಲ್ಲ. ಕಾದಂಬರಿ ಗಾಡಿಯಲ್ಲಿ ಸಿಕ್ಕ ಒಂದು ಜಾಗದಲ್ಲಿ ಅವರನ್ನು ಕೂರಿಸಿ, ದೂರ್ವಾಸಪುರದ ಕಡೆ ಮುಖ ಮಾಡಿಸಿ ನಿಲ್ಲಿಸಿಬಿಡುತ್ತದೆ. ನಿಲ್ಲಿಸಿದ್ದು ಸರಿ ಎಂದೇ ಬಹಳ ಜನ ಹೇಳುತ್ತಾರೆ. ಮುಂದೆ ಬರೆದಿದ್ದರೆ ಅನ್ನದ ಪ್ರಶ್ನೆ ಬರುತ್ತಿತ್ತು, ಅದಕ್ಕೇ ನಿಲ್ಲಿಸಿದರೇನೋ ಎಂದು ನನಗೆ ಅನಿಸುತ್ತದೆ.

ಅನ್ನದ ಪ್ರಶ್ನೆಯನ್ನು ಎದುರಿಸಿದವಳು ಕಾದಂಬರಿಯಲ್ಲಿ ಒಬ್ಬಳಿದ್ದಾಳೆ. ಚಂದ್ರಿ. ಸಂಸ್ಕಾರಕ್ಕೆಂದು ಮೈಮೇಲಿನ ಚಿನ್ನ ಬಿಚ್ಚಿ ಇಟ್ಟವಳು, ಬ್ರಾಹ್ಮಣರು ಧರ್ಮಸೂಕ್ಷ್ಮ ಚರ್ಚಿಸುತ್ತಿರುವಾಗ ಮೀನಿನ ವ್ಯಾಪಾರದ ಸಾಬರ ಸಹಾಯದಿಂದ ರಾತ್ರೋರಾತ್ರಿ ಹೆಣ ಸುಡಿಸಿದವಳು. ಕೆಲಸ ಮುಗಿಸಿ ಕುಂದಾಪುರದ ದಾರಿ ಹಿಡಿಯುತ್ತಾಳೆ. ಕಾದಂಬರಿ ಅವಳ ಹಿಂದೆ ಹೋಗುವುದಿಲ್ಲ, ಆಚಾರ್ಯರ ಹಿಂದೆ ಹೋಗುತ್ತದೆ. ನಮ್ಮ ಶಾಲೆಯಲ್ಲಿದ್ದ ಭಾರತದ ಮೇಷ್ಟರುಗಳಲ್ಲಿ ಹೆಚ್ಚಿನವರು ಹೆಂಗಸರು. ಕೇರಳದವರು, ತಮಿಳುನಾಡಿನವರು, ಮಕ್ಕಳನ್ನು ಅಮ್ಮನ ಹತ್ತಿರ ಬಿಟ್ಟು ಬಂದವರು. ಎರಡನೇ ಕಸುಬು, ಮೂರನೇ ಊರು ಅವರಿಗೆ ವಿಶೇಷವೇ ಅಲ್ಲ. ಶುಕ್ರವಾರ ಶಾಲೆಗೆ ರಜ. ಅಂದು ಅವರ ಅಡಿಗೆಮನೆಯಲ್ಲಿ ಕೂತು ನಾನು 'ಸಂಸ್ಕಾರ'ದ ಕತೆಯನ್ನು ಇಂಗ್ಲಿಷಿನಲ್ಲಿ ಹೇಳಿದೆ. ಆಚಾರ್ಯರು ಗಾಡಿ ಹತ್ತುವವರೆಗೆ ಎಲ್ಲರೂ ಸುಮ್ಮನೆ ಕೇಳಿದರು. ಮುಗಿದ ಮೇಲೆ ಗಣಿತದ ಟೀಚರು ಮೀನು ತೊಳೆಯುತ್ತ ಒಂದೇ ಮಾತು ಕೇಳಿದರು: ಆ ಹೆಂಗಸು ಕುಂದಾಪುರದಲ್ಲಿ ಏನು ಕೆಲಸ ಹುಡುಕಿಕೊಂಡಳು?