ಫ್ಯಾಷನ್ ಚಿತ್ರಗಳ ವ್ಯಂಜನಾವ್ಯಾಪಾರ

೧

ಜಾಹೀರಾತನ್ನು ವಿಮರ್ಶೆಯ ವಿಷಯವಾಗಿ ಎತ್ತಿಕೊಳ್ಳುವುದು ಅನುಚಿತವೆಂದು ನಮ್ಮಲ್ಲಿ ಹಲವರಿಗೆ ತೋರಬಹುದು. ಸರಕನ್ನು ಹೊಗಳಿ ಮಾರುವ ಮಾತಿಗೂ ರಸವನ್ನೇ ಜೀವವಾಗಿ ಉಳ್ಳ ಕಾವ್ಯಕ್ಕೂ ಏನು ಸಂಬಂಧವೆಂದು ಅವರು ಕೇಳಿದರೆ ಆ ಪ್ರಶ್ನೆ ಸಹಜವಾದುದೇ. ಆದರೆ ಕಳೆದ ಎರಡು ದಶಕಗಳಲ್ಲಿ ಯೂರೋಪಿನ ಹೆಸರುವಾಸಿಯಾದ ಉಡುಪಿನ ಸಂಸ್ಥೆಗಳು ಹೊರತಂದಿರುವ ಕಿರುಚಿತ್ರಗಳು ಈ ಗಡಿಯನ್ನು ಬಹುಮಟ್ಟಿಗೆ ಅಳಿಸಿವೆ. ಇವುಗಳಲ್ಲಿ ಕಥೆಯುಂಟು, ಪಾತ್ರಗಳುಂಟು, ಪ್ರಸಿದ್ಧ ನಿರ್ದೇಶಕರ ಕೌಶಲವುಂಟು. ಕೊಳ್ಳಿರೆಂಬ ಮಾತು ಮಾತ್ರ ಇಲ್ಲ. ಬೆಲೆಯ ಪ್ರಸ್ತಾಪವಿಲ್ಲ, ಸರಕಿನ ಗುಣಕಥನವೂ ಇಲ್ಲ. ಈ ಬಗೆಗೆ 'ಫ್ಯಾಷನ್ ಚಿತ್ರ'ವೆಂಬ ಹೆಸರು ರೂಢಿಯಾಗಿದೆ. ಹೇಳದೆಯೇ ತಿಳಿಸುವುದು ಹೇಗೆಂಬುದನ್ನು ಒಂಬತ್ತನೆಯ ಶತಮಾನದಲ್ಲಿಯೇ ಆನಂದವರ್ಧನನು ಕೂಲಂಕಷವಾಗಿ ಚರ್ಚಿಸಿದ್ದಾನೆ. ಆ ಮೀಮಾಂಸೆಯನ್ನು ತರಗತಿಗಳಲ್ಲಿ ಬೋಧಿಸುವ ನಾವು, ಅದರ ಒರೆಗಲ್ಲಿಗೆ ಈ ಹೊಸ ಸರಕನ್ನೂ ತಿಕ್ಕಿ ನೋಡುವುದು ಉಚಿತವಾಗಿದೆ. ವಿದ್ಯಾರ್ಥಿಗಳು ದಿನವೂ ತಮ್ಮ ಫೋನಿನಲ್ಲಿ ಇಂಥವನ್ನು ನೋಡುತ್ತಿರುವುದರಿಂದ ಇದು ಬರಿಯ ಶಾಸ್ತ್ರವಿನೋದವಲ್ಲ.

ಈ ಚಿತ್ರಗಳು ಕೊಳ್ಳುವವರ ಮನಸ್ಸಿನಲ್ಲಿ ಬ್ರಾಂಡ್ ಎಂಬ ವ್ಯಾಪಾರಮುದ್ರೆಯ ಬಗೆಗೆ ಯಾವ ಭಾವವನ್ನು, ಯಾವ ಮಾರ್ಗದಿಂದ ಬೆಳೆಸುತ್ತವೆ? ಅದರಲ್ಲಿ ಕಲೆ ಎಷ್ಟು, ವಾಣಿಜ್ಯ ಎಷ್ಟು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸುತ್ತೇವೆ.

೨

ಮಮ್ಮಟನು 'ಕಾವ್ಯಪ್ರಕಾಶ'ದಲ್ಲಿ ಕಾವ್ಯದ ಪ್ರಯೋಜನಗಳನ್ನು ಹೇಳುತ್ತ, ಅದರ ಉಪದೇಶವು ಕಾಂತಾಸಂಮಿತವಾದುದೆಂದು ಅಭಿಪ್ರಾಯಪಡುತ್ತಾನೆ. ವೇದಶಾಸ್ತ್ರಗಳು ಪ್ರಭುವಿನಂತೆ ವಿಧಿಸುತ್ತವೆ; ಪುರಾಣೇತಿಹಾಸಗಳು ಮಿತ್ರನಂತೆ ತಿಳಿಯಹೇಳುತ್ತವೆ; ಕಾವ್ಯವಾದರೋ ಪ್ರಿಯೆಯಂತೆ ಮನಸ್ಸನ್ನು ಒಲಿಸಿಕೊಂಡು ಹಿತದ ಕಡೆಗೆ ತಿರುಗಿಸುತ್ತದೆ. ಜಾಹೀರಾತಿನ ಚರಿತ್ರೆಯಲ್ಲಿಯೂ ಈ ಮೂರು ಬಗೆಗಳನ್ನು ಗುರುತಿಸಬಹುದು. ಗೋಡೆಯ ಮೇಲೆ ದಪ್ಪಕ್ಷರದಲ್ಲಿ 'ಇದನ್ನೇ ಕೊಳ್ಳಿರಿ' ಎಂದು ಬರೆದದ್ದು ಪ್ರಭುವಿನ ರೀತಿ. ಬಟ್ಟೆಯ ಬಣ್ಣ ಹೋಗದು, ನೂಲು ಸಡಿಲವಾಗದು ಎಂದು ವೃತ್ತಪತ್ರಿಕೆಯಲ್ಲಿ ಕಾರಣ ಕೊಟ್ಟು ವಾದಿಸುವುದು ಮಿತ್ರನ ರೀತಿ. ಈ ಎರಡನ್ನೂ ಬಿಟ್ಟು ಕಾಂತೆಯ ರೀತಿಯನ್ನು ಹಿಡಿದದ್ದು ಫ್ಯಾಷನ್ ಚಿತ್ರ.

ಮಾರುವವರು ಈ ದಾರಿಯನ್ನು ಹಿಡಿದುದಕ್ಕೆ ಬಲವಾದ ಕಾರಣವಿದೆ. ತನ್ನನ್ನು ಒಪ್ಪಿಸಲು ಯಾರೋ ಯತ್ನಿಸುತ್ತಿದ್ದಾರೆಂದು ಗೊತ್ತಾದೊಡನೆ ಕೊಳ್ಳುವವನು ಎಚ್ಚತ್ತು, ಆ ಮಾತನ್ನು ತೂಗಿ ನೋಡಲು ತೊಡಗುತ್ತಾನೆ. ಈ ತಿಳಿವಳಿಕೆಯ ಸ್ವರೂಪವನ್ನು ಫ್ರೀಸ್ಟಾಡ್ ಮತ್ತು ರೈಟ್ ಎಂಬ ವಿದ್ವಾಂಸರು ೧೯೯೪ರಲ್ಲಿ ನಿರೂಪಿಸಿದರು. ಕಥೆಯಲ್ಲಿ ತನ್ಮಯನಾದವನ ಸ್ಥಿತಿ ಬೇರೆ. ಗ್ರೀನ್ ಮತ್ತು ಬ್ರಾಕ್ ೨೦೦೦ದಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಕಥೆಯೊಳಕ್ಕೆ ಹೆಚ್ಚಾಗಿ ಸೆಳೆಯಲ್ಪಟ್ಟ ಓದುಗರು ಅದರಲ್ಲಿ ಕಡಿಮೆ ದೋಷಗಳನ್ನು ಕಂಡರು. ಅವರ ನಂಬಿಕೆಗಳೂ ಕಥೆಗೆ ಅನುಗುಣವಾಗಿ ವಾಲಿದುವು. ಇನ್ನು ವಸ್ತುವಿಗೆ ಅರ್ಥವು ಬರುವ ಬಗೆಯನ್ನು ಗ್ರಾಂಟ್ ಮೆಕ್‌ಕ್ರಾಕನ್ ೧೯೮೬ರ ಲೇಖನವೊಂದರಲ್ಲಿ ವಿವರಿಸಿದ್ದಾರೆ: ಅರ್ಥವು ಮೊದಲು ಸಂಸ್ಕೃತಿಯಲ್ಲಿರುತ್ತದೆ, ಜಾಹೀರಾತೂ ಫ್ಯಾಷನ್ನೂ ಅದನ್ನು ವಸ್ತುವಿಗೆ ಸಾಗಿಸುತ್ತವೆ, ಕೊಳ್ಳುವವನು ವಸ್ತುವಿನೊಡನೆ ಅದನ್ನೂ ಮನೆಗೆ ಒಯ್ಯುತ್ತಾನೆ. ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಅಭಿಧೆಯನ್ನು ಶಂಕಿಸುವ ಮನಸ್ಸು ವ್ಯಂಜನೆಗೆ ಬಾಗಿಲು ತೆರೆಯುತ್ತದೆ. ತಾನೇ ಊಹಿಸಿಕೊಂಡ ಅರ್ಥವನ್ನು ತನ್ನದೇ ಎಂದು ಬಗೆಯುವುದು ಮನುಷ್ಯಸ್ವಭಾವ.

೩

ಕೆಲವು ಚಿತ್ರಗಳನ್ನು ನೋಡೋಣ. ೧೯೨೧ರಿಂದ ಮಾರಾಟದಲ್ಲಿರುವ 'ಶನೆಲ್ ನಂಬರ್ ೫' ಎಂಬ ಸುಗಂಧಕ್ಕಾಗಿ ಬಾಜ್ ಲುರ್ಮನ್ ೨೦೦೪ರಲ್ಲಿ ಒಂದು ಚಿತ್ರವನ್ನು ನಿರ್ದೇಶಿಸಿದರು. ಲೋಕಪ್ರಸಿದ್ಧಳಾದ ನಟಿಯೊಬ್ಬಳು ಜನಸಂದಣಿಯಿಂದ ಓಡಿಬಂದು ಟ್ಯಾಕ್ಸಿಯೊಂದನ್ನು ಹೊಗುತ್ತಾಳೆ. ಅದರೊಳಗಿದ್ದ ಬಡ ಬರಹಗಾರನೊಡನೆ ಊರಿನ ಮೇಲ್ಮಾಡದಲ್ಲಿ ಕೆಲವು ದಿನ ಇದ್ದು, ಮತ್ತೆ ತನ್ನ ಲೋಕಕ್ಕೆ ಮರಳುತ್ತಾಳೆ. ನಿಕೋಲ್ ಕಿಡ್ಮನ್ ನಟಿಸಿರುವ ಈ ಕಥೆಯಲ್ಲಿ ಸುಗಂಧದ ಗುಣವನ್ನು ಯಾರೂ ವರ್ಣಿಸುವುದಿಲ್ಲ. ಆಕೆಯನ್ನು ನೆನೆಯುವ ಪ್ರಿಯನ ಸ್ಮೃತಿಯಲ್ಲಿ ಚುಂಬನ, ನಗೆಗಳೊಡನೆ ಸುಗಂಧವೂ ಒಂದು. ಬೆನ್ನಿನ ಮೇಲೆ ಇಳಿಬಿದ್ದ ವಜ್ರದ ಪದಕದಲ್ಲಿ ಆ ಸಂಖ್ಯೆ ಮಿನುಗುತ್ತದೆ. ಇದು ವಿಪ್ರಲಂಭ. ವಿರಹದಲ್ಲಿ ಉಳಿಯುವುದು ನೆನಪು, ನೆನಪಿಗೆ ಆಸರೆ ಪರಿಮಳ ಎಂಬುದು ವ್ಯಂಗ್ಯಾರ್ಥ. ಬೆಲೆಯೂ ಅಳತೆಯೂ ಉಳ್ಳ ದ್ರವ್ಯವೊಂದು ಇಲ್ಲಿ ಉದ್ದೀಪನವಿಭಾವದ ಸ್ಥಾನವನ್ನು ಪಡೆದುಕೊಂಡಿದೆ.

ಡೇವಿಡ್ ಲಿಂಚ್ ೨೦೧೦ರಲ್ಲಿ ಡಿಯೊರ್ ಸಂಸ್ಥೆಗಾಗಿ ಮಾಡಿದ 'ಲೇಡಿ ಬ್ಲೂ ಶಾಂಘೈ' ಹದಿನಾರು ನಿಮಿಷಗಳ ಚಿತ್ರ. ಮರಿಯೊನ್ ಕೊತಿಯಾರ್ ಅಭಿನಯಿಸಿದ ಪಾತ್ರವು ಹೋಟೆಲಿನ ಕೋಣೆಯನ್ನು ಪ್ರವೇಶಿಸಿದಾಗ ಹಳೆಯ ಗ್ರಾಮಫೋನ್ ಸಂಗೀತ ಕೇಳಿಬರುತ್ತದೆ. ಹೊಗೆ, ಬೆಳಕುಗಳ ನಡುವೆ ನೀಲಿಯ ಕೈಚೀಲವೊಂದು ಪ್ರತ್ಯಕ್ಷವಾಗುತ್ತದೆ. ತಾನು ಎಂದೂ ನೋಡದ ಹಳೆಯ ಶಾಂಘೈ ನಗರವೂ ಅಲ್ಲಿ ಅಗಲಿದ ಪ್ರಿಯನೂ ಅವಳ ಸ್ಮರಣೆಗೆ ಬರುತ್ತಾರೆ. ಪ್ರಿಯನ ಕೈಯಲ್ಲಿದ್ದ ನೀಲಿ ಗುಲಾಬಿ ಕೊನೆಗೆ ಆ ಚೀಲದೊಳಗೆ ದೊರೆಯುತ್ತದೆ. ಅವಳು ಚೀಲವನ್ನು ಅಪ್ಪಿಕೊಳ್ಳುತ್ತಾಳೆ. ನೋಡದ ಊರು ನೆನಪಾಗುವ ಜನ್ಮಾಂತರಸ್ಮೃತಿ ನಮ್ಮ ಕಾವ್ಯಗಳಿಗೆ ಪರಿಚಿತವಾದ ವಸ್ತು. ಇಲ್ಲಿ ಹೊಸದೆಂದರೆ, ಆ ಸ್ಮೃತಿಯ ಅಭಿಜ್ಞಾನವಾಗಿ ನಿಂತ ವಸ್ತು ಅಂಗಡಿಯಲ್ಲಿ ದೊರೆಯುವಂಥದು. ದುಷ್ಯಂತನ ಉಂಗುರ ಒಂದೇ. ಈ ಚೀಲವಾದರೋ ಹಣವುಳ್ಳ ಯಾರಿಗೂ ಲಭ್ಯ.

ಪ್ರಾಡಾ ಸಂಸ್ಥೆಗಾಗಿ ರೋಮನ್ ಪೊಲಾನ್ಸ್ಕಿ ೨೦೧೨ರಲ್ಲಿ ಮಾಡಿದ 'ಎ ಥೆರಪಿ' ಹಾಸ್ಯದ ದಾರಿಯನ್ನು ಹಿಡಿಯುತ್ತದೆ. ಹೆಲೆನಾ ಬಾನ್ಹಮ್ ಕಾರ್ಟರ್ ನಟಿಸಿದ ಸಿರಿವಂತ ಹೆಂಗಸು ಮನೋವೈದ್ಯನ ಮುಂದೆ ಮಲಗಿ ತನ್ನ ಅಳಲನ್ನು ತೋಡಿಕೊಳ್ಳುತ್ತಿರುವಾಗ, ವೈದ್ಯನಾದ ಬೆನ್ ಕಿಂಗ್ಸ್ಲಿ ಮೆಲ್ಲನೆ ಎದ್ದು, ಅವಳು ಕಳಚಿಟ್ಟ ಕೋಟನ್ನು ತೊಟ್ಟು ಕನ್ನಡಿಯ ಮುಂದೆ ನಿಲ್ಲುತ್ತಾನೆ. ವಸ್ತುಮೋಹವನ್ನು ಸಂಸ್ಥೆ ತಾನೇ ಗೇಲಿಮಾಡಿದಂತಾಯಿತು. ಆದರೆ ಆ ಗೇಲಿ ಮೋಹವನ್ನು ಕುಂದಿಸುವುದಿಲ್ಲ. ಮನಸ್ಸನ್ನು ಬಲ್ಲ ವೈದ್ಯನೇ ಸೋತ ಮೇಲೆ ಉಳಿದವರು ಸೋಲಲು ನಾಚಬೇಕಾಗಿಲ್ಲ ಎಂಬುದೇ ಅಲ್ಲಿನ ವಸ್ತುಧ್ವನಿ. ತನ್ನನ್ನು ಕಂಡು ತಾನೇ ನಗಬಲ್ಲ ಬ್ರಾಂಡನ್ನು ಪ್ರೇಕ್ಷಕನು ಜಾಣನೆಂದು ಮೆಚ್ಚುತ್ತಾನೆ. ಆ ನಗೆಯಲ್ಲಿ ಪಾಲುಗೊಂಡ ತಾನೂ ಜಾಣನೆಂದು ತಿಳಿಯುತ್ತಾನೆ.

ಇವಕ್ಕಿಂತ ಭಿನ್ನವಾದ ಎರಡು ಚಿತ್ರಗಳನ್ನು ಉಲ್ಲೇಖಿಸಬೇಕು. ಅದೇ ಪ್ರಾಡಾ ಸಂಸ್ಥೆಗಾಗಿ ವೆಸ್ ಆಂಡರ್ಸನ್ ೨೦೧೩ರಲ್ಲಿ ಮಾಡಿದ 'ಕಾಸ್ಟೆಲ್ಲೊ ಕವಲ್ಕಾಂತಿ'ಯಲ್ಲಿ, ೧೯೫೫ರ ಇಟಲಿಯ ಹಳ್ಳಿಯೊಂದರಲ್ಲಿ ಮೋಟಾರು ಪಂದ್ಯದ ಸವಾರನೊಬ್ಬನ ಕಾರು ಅಪಘಾತಕ್ಕೆ ಸಿಕ್ಕುತ್ತದೆ. ಅದು ತನ್ನ ಪೂರ್ವಜರ ಊರೆಂದು ಅವನಿಗೆ ಅಲ್ಲಿ ತಿಳಿಯುತ್ತದೆ. ಕಥೆಯೊಳಗೆ ಸಂಸ್ಥೆಯ ಹೆಸರು ಅವನ ಉಡುಪಿನ ಮೇಲೆ ಕಾಣುವುದಷ್ಟೆ. ಅವನು ಆ ಊರಿನಲ್ಲಿ ಉಳಿಯುವುದು ಉಡುಪಿನಿಂದಲ್ಲ. ಇನ್ನೊಂದು, ಮಿಯು ಮಿಯು ಸಂಸ್ಥೆ ೨೦೧೧ರಿಂದ ಮಹಿಳಾ ನಿರ್ದೇಶಕರಿಂದಲೇ ಮಾಡಿಸುತ್ತ ಬಂದಿರುವ ಮಾಲೆಯಲ್ಲಿ ಅರ್ಜೆಂಟೀನಾದ ಲುಕ್ರೇಸಿಯಾ ಮಾರ್ಟೆಲ್ ರಚಿಸಿದ 'ಮೂತಾ'. ನಿರ್ಜನವಾದ ಹಡಗೊಂದರಲ್ಲಿ ಕೀಟಗಳು ಕೋಶದಿಂದ ಹೊರಬರುವಂತೆ ಹೆಂಗಸರು ಕಾಣಿಸಿಕೊಳ್ಳುತ್ತಾರೆ. ಅವರ ಮುಖಗಳೇ ಕಾಣುವುದಿಲ್ಲ. ಉಡುಪು, ಪಾದರಕ್ಷೆ, ಕೂದಲು ಮಾತ್ರ. ಫ್ಯಾಷನ್ ಲೋಕವು ವ್ಯಕ್ತಿಯನ್ನು ನುಂಗಿ ವೇಷವನ್ನು ಉಳಿಸುತ್ತದೆಂಬ ಭಯಾನಕವನ್ನು ಆ ಲೋಕದ ಹಣದಿಂದಲೇ ಮಾರ್ಟೆಲ್ ಕಟ್ಟಿದ್ದಾರೆ.

೪

ಈಗ ತಾರತಮ್ಯದ ಮಾತು. ರಸಾಸ್ವಾದಕ್ಕೆ ಸಾಧಾರಣೀಕರಣ ಅಗತ್ಯವೆಂದು ಭಟ್ಟನಾಯಕನು ಪ್ರತಿಪಾದಿಸಿದನು. ಅಭಿನವಗುಪ್ತನು ಅದನ್ನು ತನ್ನದೇ ರೀತಿಯಲ್ಲಿ ಬೆಳೆಸಿದನು. ಶಕುಂತಲೆಯ ದುಃಖವು ರಂಗದ ಮೇಲೆ ಇಂಥವಳ, ಇಂಥ ಕಾಲದ ದುಃಖವಾಗಿ ಉಳಿಯದೆ ಎಲ್ಲರದೂ ಆಗುತ್ತದೆ. ಆಗ ಸಹೃದಯನ ಸ್ವಂತದ ಬೇಕುಬೇಡಗಳು ಕ್ಷಣಕಾಲ ತೆರವಾಗಿ ಚಿತ್ತವು ಅನುಭವದಲ್ಲಿಯೇ ವಿಶ್ರಮಿಸುತ್ತದೆ. ರಸವು ತನ್ನಿಂದ ಆಚೆಗೆ ಬೇರೊಂದನ್ನು ಬಯಸುವುದಿಲ್ಲ.

ಫ್ಯಾಷನ್ ಚಿತ್ರದ ಕ್ರಮ ಇದಕ್ಕೆ ತಿರುಗುಮುರುಗಾಗಿದೆ ಎಂಬುದು ನಮ್ಮ ಮುಖ್ಯ ವಾದ. ಅದು ಮೊದಲು ಚಿತ್ತವನ್ನು ಸಾಧಾರಣೀಕರಿಸುತ್ತದೆ: ವಿರಹ, ಸ್ಮೃತಿ, ವಿಸ್ಮಯ ಎಲ್ಲರದೂ ಆಗುತ್ತವೆ. ಹೀಗೆ ಮೃದುವಾದ ಚಿತ್ತವನ್ನು ಕೊನೆಯಲ್ಲಿ ಮತ್ತೆ ಸಂಕುಚಿಸಿ, ಒಂದು ಹೆಸರಿನ, ಒಂದು ಮುದ್ರೆಯ, ಒಂದು ವಸ್ತುವಿನ ಕಡೆಗೆ ತಿರುಗಿಸುತ್ತದೆ. ರಸವು ಇಲ್ಲಿ ಸಾಧನ, ಬ್ರಾಂಡ್ ಸಾಧ್ಯ. ವ್ಯಂಗ್ಯವು ವಾಚ್ಯಕ್ಕೆ ಅಧೀನವಾದರೆ ಗುಣೀಭೂತವ್ಯಂಗ್ಯವೆಂದು ಆಲಂಕಾರಿಕರು ಎರಡನೆಯ ದರ್ಜೆ ಕೊಟ್ಟರು. ಇಲ್ಲಿ ಅಧೀನತೆ ಕಾವ್ಯದ ಹೊರಗಿನ ಲಾಭಕ್ಕೆ. ಲಿಂಚರ ಕೃತಿಯಲ್ಲಿ ಇದು ಸ್ಪಷ್ಟ. ಹದಿನೈದು ನಿಮಿಷ ಅಲೆದ ಸ್ಮೃತಿ ಕೊನೆಗೆ ಚೀಲದ ಬಾಯಲ್ಲಿ ಸೆರೆಯಾಗುತ್ತದೆ. ಆಂಡರ್ಸನ್ನರಲ್ಲಿ ರಸಕ್ಕೆ ಹೆಚ್ಚಿನ ಬಿಡುಗಡೆಯುಂಟು. ಊಟದ ಮೇಜಿನ ಮುಂದೆ ಕುಳಿತ ಸವಾರನ ನೆಮ್ಮದಿಯನ್ನು ಯಾವ ವಸ್ತುವೂ ಬಂದು ಕಸಿದುಕೊಳ್ಳುವುದಿಲ್ಲ. ಮಾರ್ಟೆಲ್ಲರ ಚಿತ್ರದಲ್ಲಿ ಭಯವು ವಸ್ತುವಿನ ಮೇಲೆಯೇ ತಿರುಗಿಬೀಳುವುದರಿಂದ ಅದು ಈ ಐದರಲ್ಲಿ ಶ್ರೇಷ್ಠವೆಂದು ನಮ್ಮ ಮತ.

ಹಾಗಾದರೆ ಇಂಥ ಚಿತ್ರದಿಂದ ಸಂಸ್ಥೆಗೆ ನಷ್ಟವೆ? ಅಲ್ಲ. ಕಟುವಾದ ಕೃತಿಯನ್ನೂ ಪೋಷಿಸಬಲ್ಲ ಉದಾರಾಶ್ರಯವೆಂಬ ಕೀರ್ತಿ ಸಂಸ್ಥೆಯದಾಗುತ್ತದೆ. ಇದು ನಮಗೆ ಅಪರಿಚಿತವಲ್ಲ. ಪಂಪನಿಗೆ ಅರಿಕೇಸರಿಯೂ ರನ್ನನಿಗೆ ತೈಲಪ, ಸತ್ಯಾಶ್ರಯರೂ ಆಶ್ರಯವಿತ್ತರು, ಕಾವ್ಯದಲ್ಲಿ ಅವರ ಹೆಸರುಗಳೂ ಉಳಿದುವು. ಆದರೆ ಅರಸನು ಕಾವ್ಯದಿಂದ ಬಯಸಿದುದು ಕೀರ್ತಿಯನ್ನು. ಸಂಸ್ಥೆ ಕೀರ್ತಿಯನ್ನು ಬೆಲೆಯಾಗಿ ಮಾರ್ಪಡಿಸುತ್ತದೆ. ಈ ಚಿತ್ರಗಳನ್ನು ಕಂಡವರಲ್ಲಿ ಬಹುಮಂದಿ ಆ ಚೀಲವನ್ನು ಎಂದೂ ಕೊಳ್ಳಲಾರರು. ಅವರ ಮೆಚ್ಚುಗೆಯೂ ವ್ಯರ್ಥವಲ್ಲ. ಕೊಳ್ಳಲಾರದವರು ಗುರುತಿಸಿ ಬೆರಗಾಗುವುದರಿಂದಲೇ ಕೊಂಡವರಿಗೆ ತಮ್ಮ ವಸ್ತುವಿನಲ್ಲಿ ತೃಪ್ತಿ.

೫

ಕಾಂತೆಯ ಮಾತಿಗೆ ಬೆಲೆ ಬಂದುದು ಅದು ಕೇಳುವವನ ಹಿತವನ್ನು ಬಯಸುವುದರಿಂದ. ಫ್ಯಾಷನ್ ಚಿತ್ರವು ಆ ಧಾಟಿಯನ್ನು ಕಲಿತಿದೆ. ಹಿತವು ಯಾರದೆಂಬುದನ್ನು ಮಾತ್ರ ಮುಚ್ಚಿಡುತ್ತದೆ. ಅದರೊಡನೆ ಇನ್ನೊಂದು ಸಂಗತಿಯೂ ಮರೆಯಾಗುತ್ತದೆ: ವಸ್ತುವನ್ನು ಮಾಡಿದ ಕೈ. ಲಿಂಚರ ಚಿತ್ರದಲ್ಲಿ ಚೀಲವು ಹೊಗೆಯಿಂದ ಹುಟ್ಟುತ್ತದೆ. ಹದಿನಾಲ್ಕು ವರ್ಷಗಳ ತರುವಾಯ, ೨೦೨೪ರ ಜೂನಿನಲ್ಲಿ, ಮಿಲಾನಿನ ನ್ಯಾಯಾಲಯವು ಡಿಯೊರ್ ಸಂಸ್ಥೆಯ ಇಟಲಿಯ ಉತ್ಪಾದನಾಶಾಖೆಯನ್ನು ನ್ಯಾಯಾಲಯದ ಮೇಲ್ವಿಚಾರಣೆಗೆ ಒಳಪಡಿಸಿತು. ಒಳಗುತ್ತಿಗೆಯ ಕಾರ್ಯಾಗಾರಗಳಲ್ಲಿ ಕೆಲಸಗಾರರ ಶೋಷಣೆಯನ್ನು ತಡೆಯಲಿಲ್ಲವೆಂಬುದು ಕಾರಣ. ಅಂಗಡಿಯಲ್ಲಿ ೨೬೦೦ ಯೂರೊಗಳಿಗೆ ಮಾರುತ್ತಿದ್ದ ಕೈಚೀಲವೊಂದನ್ನು ಸಿದ್ಧಪಡಿಸಿಕೊಟ್ಟದ್ದಕ್ಕೆ ಗುತ್ತಿಗೆದಾರನಿಗೆ ಸಂದದ್ದು ೫೩ ಯೂರೊ ಎಂದು ದಾಖಲೆಗಳಿಂದ ತಿಳಿದುಬಂದಿತು. ಚರ್ಮ ಮೊದಲಾದ ಸಾಮಗ್ರಿಯ ವೆಚ್ಚ ಇದರಲ್ಲಿ ಸೇರಿರಲಿಲ್ಲ. ಚಿತ್ರದಲ್ಲಿ ಕಂಡದ್ದು ಈ ಚೀಲವೂ ಅಲ್ಲ. ಶಾಖೆಯ ಮೇಲೆಯೇ ಅಪರಾಧದ ಆರೋಪವಿರಲಿಲ್ಲ. ಸುಧಾರಣೆಗಳನ್ನು ಕೈಗೊಂಡ ಮೇಲೆ ೨೦೨೫ರ ಫೆಬ್ರವರಿಯಲ್ಲಿ, ಅವಧಿಗೆ ಮುಂಚೆಯೇ, ಮೇಲ್ವಿಚಾರಣೆ ತೆರವಾಯಿತು. ಇವೆಲ್ಲವನ್ನೂ ಒಪ್ಪಿಕೊಂಡ ಮೇಲೆಯೂ ಆ ಎರಡು ಸಂಖ್ಯೆಗಳ ನಡುವಣ ಅಂತರ ಉಳಿಯುತ್ತದೆ. ಆ ಅಂತರದಲ್ಲಿ ಸಾಮಗ್ರಿ, ಅಂಗಡಿಯ ಬಾಡಿಗೆ, ತೆರಿಗೆ, ಲಾಭಗಳೊಡನೆ ನೀಲಿ ಗುಲಾಬಿಯೂ ಹಳೆಯ ಶಾಂಘೈಯೂ ಸೇರಿವೆ. ಕೊಳ್ಳುವವನು ಹಣ ಕೊಡುವುದು ಧ್ವನಿಗೂ ಹೌದು.

ಈ ಚಿತ್ರಗಳನ್ನು ನೋಡಬಾರದೆಂದು ನಾವು ಹೇಳುವುದಿಲ್ಲ. ಅವುಗಳಲ್ಲಿ ಕೆಲವು ನಿಜವಾಗಿಯೂ ಸುಂದರವಾಗಿವೆ. ಆ ಸೌಂದರ್ಯವನ್ನು ಅಲ್ಲಗಳೆದರೆ ವಿಮರ್ಶೆ ಬರಿಯ ಮೂದಲೆಯಾದೀತು. ಅಧ್ಯಾಪಕರು ಇಂಥದೊಂದು ಚಿತ್ರವನ್ನು ತರಗತಿಯಲ್ಲಿ ತೋರಿಸಿ, ಕಾವ್ಯಮೀಮಾಂಸೆಯ ಪಾಠದೊಡನೆಯೇ ಮೂರು ಪ್ರಶ್ನೆಗಳನ್ನು ಕೇಳಬಹುದು: ಇಲ್ಲಿ ಯಾವ ಭಾವ ಉದ್ದೀಪನವಾಯಿತು? ಅದು ತನ್ನಲ್ಲಿಯೇ ವಿಶ್ರಮಿಸಿತೋ ಅಥವಾ ಒಂದು ವಸ್ತುವಿನ ಕಡೆಗೆ ತಿರುಗಿತೋ? ತಿರುಗಿತಾದರೆ ಅದರಿಂದ ಹಿತವಾದುದು ಯಾರಿಗೆ? ಎಂ. ಎ. ಪರೀಕ್ಷೆಗಾಗಿ ಮಮ್ಮಟನನ್ನು ಬಾಯಿಪಾಠಮಾಡುವ ವಿದ್ಯಾರ್ಥಿಯು, ಸಂಜೆ ತನ್ನ ಫೋನಿನಲ್ಲಿ ಕಾಣುವ ಚಿತ್ರಕ್ಕೂ ಆ ಲಕ್ಷಣವನ್ನು ಅನ್ವಯಿಸಬಲ್ಲವನಾದರೆ, ಅವನು ಶಾಸ್ತ್ರವನ್ನು ಅರಿತಿದ್ದಾನೆಂದು ಹೇಳಬಹುದು.