ಕಲ್ಲು ನೋಡದೆ ಗಣಿ ಅಗೆಯುವವರು

ಮೈನ್‌ಕ್ರಾಫ್ಟ್ ಅನ್ನೋ ಆಟದ ಹೆಸರಲ್ಲೇ ಗಣಿ ಇದೆ. ಮೊದಲು ಅಗೆಯಬೇಕು, ಆಮೇಲೆ ಕಟ್ಟಬೇಕು. ಆದರೆ ಈ ಆಟದ ಬಗ್ಗೆ ಬರೆಯೋರೆಲ್ಲ ಬರೆಯೋದು ಕಟ್ಟುವುದರ ಬಗ್ಗೆ. ಯಾರೋ ಅರಮನೆ ಕಟ್ಟಿದರು, ಯಾರೋ ಊರಿಗೆ ಊರನ್ನೇ ಎಬ್ಬಿಸಿದರು, ಇನ್ಯಾರೋ ಆಟದೊಳಗೇ ಲೆಕ್ಕ ಮಾಡೋ ಯಂತ್ರ ಮಾಡಿದರು ಅಂತ. ಅಗೆಯುವುದರ ಬಗ್ಗೆ ಮಾತು ಬಂದರೆ ಇರೋದು ಒಂದೇ ಪ್ರಶ್ನೆ: ವಜ್ರ ಯಾವ ಆಳದಲ್ಲಿ ಸಿಗುತ್ತೆ? ಆ ಪ್ರಶ್ನೆಗೆ ಒಂದೇ ಅಂಕಿಯಲ್ಲಿ ಉತ್ತರ ಕೊಡಬಹುದು ಅನ್ನೋದೇ ಈ ಆಟದ ಗಣಿಯ ದೊಡ್ಡ ಕೊರತೆ. ಇದು ನನ್ನ ತಕರಾರು.

ಆಡದವರಿಗೆ ಎರಡು ಮಾತು. ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರಲ್ಲಿ ಶುರು ಮಾಡಿದ ಆಟ ಇದು. ಪೂರ್ತಿ ಆವೃತ್ತಿ ಬಂದದ್ದು 2011ರ ನವೆಂಬರ್‌ನಲ್ಲಿ. 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರ್ ಕೊಟ್ಟು ಕಂಪನಿಯನ್ನೇ ಕೊಂಡುಕೊಂಡಿತು. ಲೋಕವೆಲ್ಲ ಚೌಕ ಚೌಕ ಬ್ಲಾಕುಗಳು. ಮರ ಮುರಿದು ಮರದ ಪಿಕಾಸಿ ಮಾಡಿಕೊಂಡರೆ ಕಲ್ಲು ಸಿಗುತ್ತೆ. ಕಲ್ಲಿನ ಪಿಕಾಸಿ ಇದ್ದರೆ ಕಬ್ಬಿಣ. ಕಬ್ಬಿಣದ ಪಿಕಾಸಿ ಇದ್ದರೆ ಮಾತ್ರ ವಜ್ರ. ಮರದ ಪಿಕಾಸಿಯಲ್ಲಿ ವಜ್ರ ಹೊಡೆದರೆ ಬ್ಲಾಕ್ ಏನೋ ಒಡೆಯುತ್ತೆ, ಕೈಗೆ ಮಾತ್ರ ಏನೂ ಬರಲ್ಲ. ಈ ಏಣಿ ಎಷ್ಟು ಸರಳ, ಎಷ್ಟು ಗಟ್ಟಿ ಅಂದರೆ, ಯಾವ ಪಾಠವೂ ಇಲ್ಲದೆ ಆರು ವರ್ಷದ ಮಗುವಿಗೂ ಅರ್ಥವಾಗುತ್ತೆ. ಇದರ ಬಗ್ಗೆ ನನ್ನ ದೂರಿಲ್ಲ.

ದೂರಿರೋದು ಹುಡುಕಾಟದ ಬಗ್ಗೆ. 2021ರವರೆಗೆ ಈ ಲೋಕದ ತಳ ಸೊನ್ನೆ. ವಜ್ರ ಇರೋದು 16ಕ್ಕಿಂತ ಕೆಳಗೆ. 10 ಮತ್ತು ಅದಕ್ಕಿಂತ ಕೆಳಗಿನ ಗುಹೆಗಳಲ್ಲಿ ಲಾವಾ ತುಂಬಿಕೊಂಡಿರುತ್ತಿತ್ತು. ಹಾಗಾಗಿ ಲೆಕ್ಕ ಸಲೀಸು: ಎತ್ತರ 11ರಲ್ಲಿ ನಿಂತುಕೋ, ಎರಡು ಬ್ಲಾಕ್ ಎತ್ತರದ ಸುರಂಗ ಕೊರೆ, ಎರಡು ಸಾಲು ಬಿಟ್ಟು ಇನ್ನೊಂದು ಕೊರೆ. ಇದಕ್ಕೆ ಬ್ರಾಂಚ್ ಮೈನಿಂಗ್ ಅಂತ ಹೆಸರು. ಕಂಪ್ಯೂಟರಿನಲ್ಲಿ ಎಫ್3 ಒತ್ತಿದರೆ ನೀವು ಎಷ್ಟನೇ ಎತ್ತರದಲ್ಲಿದ್ದೀರಿ ಅನ್ನೋದು ಪರದೆ ಮೇಲೇ ಕಾಣುತ್ತೆ. ಮೌಸ್ ಗುಂಡಿ ಒತ್ತಿ ಹಿಡಿದುಕೊಂಡು ಪಕ್ಕದಲ್ಲಿ ಸಿನಿಮಾ ಹಾಕಿಕೊಂಡರೂ ನಡೆಯುತ್ತೆ. ತಿಳಿನೀಲಿ ಚುಕ್ಕೆ ಕಂಡಾಗ ನಿಲ್ಲಿಸಿದರೆ ಸಾಕು.

ಇದರಲ್ಲಿ ಇಲ್ಲದ್ದೇನು ನೋಡಿ. ಕಲ್ಲು ನೋಡೋ ಕೆಲಸ ಇಲ್ಲ. ಈ ಗೋಡೆಗೂ ಆ ಗೋಡೆಗೂ ವ್ಯತ್ಯಾಸ ಇಲ್ಲ, ಯಾಕೆಂದರೆ ಯಾವ ಗೋಡೆಯೂ ತನ್ನ ಹಿಂದೆ ಏನಿದೆ ಅಂತ ಹೇಳಲ್ಲ. ನಮ್ಮ ಕಡೆ ಬೋರ್‌ವೆಲ್ ಪಾಯಿಂಟ್ ನೋಡೋರು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುತ್ತಾರೆ. ಅದು ನಿಜವೋ ಸುಳ್ಳೋ ಬೇರೆ ಮಾತು. ಅವರು ಹೊಲವನ್ನಾದರೂ ನೋಡುತ್ತಾರೆ. ಮೈನ್‌ಕ್ರಾಫ್ಟ್ ಗಣಿಗಾರ ನೋಡೋದು ಪರದೆ ಮೂಲೆಯ ಅಂಕಿಯನ್ನು.

ಆಟ ಮಾಡಿದವರಿಗೂ ಇದು ಗೊತ್ತಾಗಿತ್ತು ಅಂತ ಕಾಣುತ್ತೆ. 2021ರ ನವೆಂಬರ್ 30ಕ್ಕೆ ಬಂದ 1.18 ಆವೃತ್ತಿಯನ್ನು ನಾನು ಓದೋದೇ ಹಳೇ ಗಣಿಯ ಮೇಲೆ ಅವರೇ ಬರೆದ ವಿಮರ್ಶೆ ಅಂತ. ಲೋಕದ ತಳ ಸೊನ್ನೆಯಿಂದ ಮೈನಸ್ 64ಕ್ಕೆ ಇಳಿಯಿತು, ಮೇಲ್ಮಿತಿ 320ಕ್ಕೆ ಏರಿತು. ಗುಹೆಗಳು ದೇವಸ್ಥಾನದ ಪ್ರಾಂಗಣದಷ್ಟು ದೊಡ್ಡವಾದವು. ಒಂದೊಂದು ಅದಿರಿಗೂ ತನ್ನದೇ ಮನೆ ಸಿಕ್ಕಿತು. ತಾಮ್ರ 48ರ ಸುತ್ತ ಹೆಚ್ಚು, ಕಬ್ಬಿಣ 16ರ ಸುತ್ತ ಮತ್ತೆ ಎತ್ತರದ ಬೆಟ್ಟಗಳಲ್ಲಿ, ಚಿನ್ನ ಮೈನಸ್ 16ರ ಸುತ್ತ. ವಜ್ರ ಮಾತ್ರ ಕೆಳಗೆ ಹೋದಷ್ಟೂ ಹೆಚ್ಚು. ಸೊನ್ನೆಯಿಂದ ಕೆಳಗೆ ಮಾಮೂಲಿ ಕಲ್ಲಿನ ಜಾಗದಲ್ಲಿ ಡೀಪ್‌ಸ್ಲೇಟ್ ಅನ್ನೋ ಕಪ್ಪು ಕಲ್ಲು. ಅದು ಎರಡು ಪಟ್ಟು ಗಟ್ಟಿ. ಅಂದರೆ ಆಟ ಹೇಳ್ತಾ ಇತ್ತು: ಸುರಂಗ ಕೊರೀಬೇಡಿ ಮಾರಾಯ್ರೆ, ಗುಹೆ ಸುತ್ತಿ.

ಒಳ್ಳೇ ಮಾತು. ಆದರೆ ಅದೇ ಕೈಯಿಂದ ಇನ್ನೊಂದು ನಿಯಮವನ್ನೂ ಬರೆದರು. ಗಾಳಿಗೆ ತೆರೆದುಕೊಂಡ ಜಾಗದಲ್ಲಿ, ಅಂದರೆ ಗುಹೆ ಗೋಡೆಯಲ್ಲಿ, ವಜ್ರ ಕಮ್ಮಿ ಇರಬೇಕು ಅಂತ. ಗುಹೆ ದೊಡ್ಡದಾದ ಮೇಲೆ ವಜ್ರ ರಾಶಿ ರಾಶಿ ಸಿಗಬಾರದಲ್ಲ, ಆ ಲೆಕ್ಕ ನನಗೆ ಅರ್ಥವಾಗುತ್ತೆ. ಆದರೆ ಪರಿಣಾಮ ಏನಾಯ್ತು? ಕಣ್ಣು ತೆರೆದು ಗುಹೆ ಸುತ್ತಿದವನಿಗೆ ಕಮ್ಮಿ, ಕಣ್ಣು ಮುಚ್ಚಿ ಸುರಂಗ ಕೊರೆದವನಿಗೆ ಹೆಚ್ಚು. 11 ಹೋಗಿ ಮೈನಸ್ 59 ಬಂತು, ಅಷ್ಟೇ. ಮಗ್ಗಿ ಬದಲಾಯ್ತು, ಬಾಯಿಪಾಠ ತಪ್ಪಲಿಲ್ಲ.

ಇದೇ 1.18ರಲ್ಲಿ ಇನ್ನೊಂದು ಸಂಗತಿಯೂ ಬಂತು. ಅದರ ಬಗ್ಗೆ ಯಾರೂ ಅಷ್ಟು ಮಾತಾಡಲ್ಲ. ಅದು ಉದ್ದುದ್ದ ಅದಿರಿನ ಎಳೆಗಳು. ಸೊನ್ನೆಯಿಂದ 50ರ ನಡುವೆ ತಾಮ್ರದ ಎಳೆ, ಅದರ ಜೊತೆ ಕಂದುಗೆಂಪು ಗ್ರಾನೈಟ್. ಮೈನಸ್ 60ರಿಂದ ಮೈನಸ್ 8ರ ನಡುವೆ ಕಬ್ಬಿಣದ ಎಳೆ, ಅದರ ಜೊತೆ ಬೂದು ಬಣ್ಣದ ಟಫ್. ಅಪರೂಪ. ಆದರೆ ಸಿಕ್ಕರೆ ಬೆಟ್ಟದೊಳಗೆ ಹಾವಿನಂತೆ ಸುತ್ತಿಕೊಂಡು ಹೋಗುತ್ತೆ, ನೂರಾರು ಬ್ಲಾಕ್ ಅದಿರು. ಇಲ್ಲಿ ಮೊದಲ ಸಲ ಗೋಡೆ ಮಾತಾಡುತ್ತೆ. ಟಫ್ ನಡುವೆ ಕಬ್ಬಿಣದ ಚುಕ್ಕೆ ಕಂಡರೆ ನಿಲ್ಲಬೇಕು, ಎಡಕ್ಕೋ ಬಲಕ್ಕೋ ಅಂತ ಯೋಚಿಸಬೇಕು, ಎಳೆ ತೆಳುವಾದರೆ ವಾಪಸ್ ಬರಬೇಕು. ಇನ್ನೂ ಚೆಂದದ ವಿಷಯ ಅಂದರೆ ಗುರುತು ಸುಳ್ಳೂ ಹೇಳಬಹುದು. ಯಾವ ಅದಿರೂ ಇಲ್ಲದ ಬರೀ ಟಫ್ ಗುಡ್ಡೆ, ಬರೀ ಗ್ರಾನೈಟ್ ಗುಡ್ಡೆ ಬೇಕಾದಷ್ಟಿವೆ. ಗುರುತು ನೋಡಿ ಊಹಿಸೋದು, ಊಹೆ ತಪ್ಪೋದು, ಮತ್ತೆ ನೋಡೋದು: ಹುಡುಕಾಟ ಅಂದರೆ ಇದೇ ಅಲ್ವಾ? ಅಂಥ ಎಳೆಯನ್ನು ತಾಮ್ರಕ್ಕೂ ಕಬ್ಬಿಣಕ್ಕೂ ಕೊಟ್ಟು, ಎಲ್ಲರೂ ಹುಡುಕೋ ವಜ್ರಕ್ಕೇ ಕೊಡಲಿಲ್ಲ.

ಇದಕ್ಕೊಂದು ನ್ಯಾಯವಾದ ಎದುರುಮಾತಿದೆ. ದಿನವಿಡೀ ಆಫೀಸಲ್ಲಿ ತಲೆ ಕೆಡಿಸಿಕೊಂಡು ಬಂದವನಿಗೆ ಯೋಚನೆ ಬೇಡದ ಸುರಂಗವೇ ಸುಖ, ಅದನ್ನೂ ಯಾಕೆ ಕಿತ್ಕೊಳ್ತೀರಿ ಅಂತ. ಒಪ್ಪುತ್ತೇನೆ. ಹೊಸೆಯೋದು, ಬಿಡಿಸೋದು, ಕಳೆ ಕೀಳೋದು ಎಲ್ಲದರಲ್ಲೂ ಆ ಸುಖ ಇದೆ. ಆದರೆ ಕಳೆ ಕೀಳೋಳಿಗೆ ಯಾವುದು ಪೈರು ಯಾವುದು ಕಳೆ ಅಂತ ಪ್ರತಿ ಸಲ ಕಣ್ಣು ಗುರುತಿಸಲೇಬೇಕು. ಕೈಗೆ ಬಿಡುವು ಸಿಗದಿದ್ದರೂ ಮನಸ್ಸಿಗೆ ಸಿಗುತ್ತೆ, ಕಣ್ಣು ಮಾತ್ರ ಹೊಲದ ಮೇಲೇ ಇರುತ್ತೆ. ಬ್ರಾಂಚ್ ಮೈನಿಂಗ್‌ನಲ್ಲಿ ಕಣ್ಣಿಗೆ ಕೆಲಸವೇ ಇಲ್ಲ. ಅದು ವಿಶ್ರಾಂತಿ ಅಲ್ಲ, ಇನ್ನೊಂದು ಪಾಳಿ.

ಇನ್ನೊಂದು ಮಾತು, ಇದು ಕೋಡು ಬರೆಯೋನ ಮಾತು. ಈ ಲೋಕವೆಲ್ಲ ಸೀಡ್ ಅನ್ನೋ ಒಂದೇ ಸಂಖ್ಯೆಯಿಂದ ಹುಟ್ಟೋದು. ಅದೇ ಆವೃತ್ತಿ, ಅದೇ ಸೀಡ್ ಆದರೆ ಅದೇ ಜಾಗದಲ್ಲಿ ಅದೇ ವಜ್ರ. ಅಂದಮೇಲೆ ಎಲ್ಲವೂ ಲೆಕ್ಕವೇ ಅಲ್ವಾ, ಕಲ್ಲು ನೋಡಿ ಏನು ಉಪಯೋಗ ಅನ್ನಬಹುದು. ಆದರೆ ಲೆಕ್ಕ ಇರೋದು ಆಟ ಬರೆದವನ ಕಡೆ. ಅದನ್ನು ಆಡುವವನಿಗೆ ಅಂಕಿಯಾಗಿ ಕೊಡಬೇಕೋ, ಕಲ್ಲಿನ ಬಣ್ಣವಾಗಿ ಕೊಡಬೇಕೋ ಅನ್ನೋದು ಬರೆದವನ ಆಯ್ಕೆ. ಅಂಕಿ ಕೊಟ್ಟರೆ ಒಬ್ಬ ಕಂಡುಹಿಡಿದದ್ದನ್ನು ಕೋಟಿ ಜನ ನಕಲು ಮಾಡುತ್ತಾರೆ. ಬಣ್ಣ ಕೊಟ್ಟರೆ ಪ್ರತಿಯೊಬ್ಬನೂ ತಾನೇ ನೋಡಿ ಕಲಿಯಬೇಕು. ಕಲಿತದ್ದನ್ನು ಪಕ್ಕದವನಿಗೆ ಕಲಿಸುವಾಗಲೂ ಅಂಕಿ ಹೇಳಿದರೆ ಆಗಲ್ಲ, ಕೈ ಹಿಡಿದು ತೋರಿಸಬೇಕು.

ಮನೆಯಲ್ಲಿ ಆಡೋ ಮಕ್ಕಳಿದ್ದರೆ ಒಂದು ಪ್ರಯೋಗ ಮಾಡಿ. ಮೊಬೈಲ್‌ನಲ್ಲಿ ಆಡೋ ಬೆಡ್‌ರಾಕ್ ಆವೃತ್ತಿಯಲ್ಲಿ ಲೋಕ ಶುರು ಮಾಡುವಾಗ ಅಂಕಿಗಳನ್ನು ತೋರಿಸೋ ಆಯ್ಕೆಯನ್ನು ಆಫ್ ಇಡಿ. ಮೊದಲ ದಿನ ಗೊಣಗುತ್ತಾರೆ. ಆಮೇಲೆ ಕಲ್ಲು ಕಪ್ಪಾಗಿದ್ದು ನೋಡಿ 'ಆಳಕ್ಕೆ ಬಂದ್ವಿ' ಅನ್ನೋದು ಕಲೀತಾರೆ. ವಜ್ರ ಕಮ್ಮಿ ಸಿಗಬಹುದು. ಸಿಕ್ಕಿದ್ದು ಮಾತ್ರ ಹುಡುಕಿದ್ದು.