ರೆಕ್ಕೆ ಬೇಡವೆಂದ ಸಿಂಹ

2021ರ ಜುಲೈನಲ್ಲಿ ಸಿಂಹ ಲಾಂಛನದ ಫ್ರಾನ್ಸಿನ ಪ್ಯೂಜೋ ಕಂಪನಿ ತನ್ನ ಹೊಸ ಲ ಮಾನ್ ಕಾರು 9ಎಕ್ಸ್8ರ ಮುಸುಕು ತೆಗೆದಾಗ ನೋಡಿದವರ ಕಣ್ಣು ನೇರವಾಗಿ ಹೋದದ್ದು ಹಿಂಭಾಗಕ್ಕೆ. ಅಲ್ಲಿ ರೆಕ್ಕೆಯೇ ಇರಲಿಲ್ಲ. ಲ ಮಾನ್‌ನ 24 ಗಂಟೆಗಳ ರೇಸನ್ನು 1992, 1993 ಮತ್ತು 2009ರಲ್ಲಿ ಗೆದ್ದ ಕಂಪನಿ ಹುಡುಗಾಟಕ್ಕೆ ಹೀಗೆ ಮಾಡಿರಲಾರದು. ಸಿಂಹ ಪರಚಿದ ಗೀರುಗಳಂಥ ಮೂರು ದೀಪಗಳು, ತಡೆಯಿಲ್ಲದೆ ಹಿಂದಕ್ಕೆ ಹರಿದು ಮುಗಿಯುವ ಬೆನ್ನು: ಈಚಿನ ರೇಸ್ ಕಾರುಗಳಲ್ಲಿ ಇಷ್ಟು ಚೆಲುವಾದದ್ದು ಇನ್ನೊಂದಿಲ್ಲ ಎಂದೇ ನನ್ನ ಅನಿಸಿಕೆ. ಆದರೂ ಮೂರು ವರ್ಷ ತುಂಬುವ ಮೊದಲೇ, 2024ರ ಏಪ್ರಿಲ್‌ನಲ್ಲಿ, ಇಟಲಿಯ ಇಮೋಲಾದಲ್ಲಿ ಅದು ರೆಕ್ಕೆ ಹೊತ್ತು ಓಡಿತು.

ರೆಕ್ಕೆ ಬಿಟ್ಟದ್ದು ಬರೀ ಅಂದಕ್ಕಾಗಿ ಎಂದರೆ ವಿನ್ಯಾಸಕಾರರಿಗೆ ಅನ್ಯಾಯವಾಗುತ್ತದೆ. 9ಎಕ್ಸ್8 ಓಡುವ ಹೈಪರ್‌ಕಾರ್ ವರ್ಗದ ನಿಯಮಗಳು ಕಾರಿನ ಮೈಕಟ್ಟಿನ ಬಗ್ಗೆ ಸಾಕಷ್ಟು ಉದಾರವಾಗಿವೆ. ಕಾರನ್ನು ನೆಲಕ್ಕೆ ಒತ್ತುವ ಡೌನ್‌ಫೋರ್ಸ್, ಅದನ್ನು ಹಿಂದಕ್ಕೆಳೆಯುವ ಡ್ರ್ಯಾಗ್‌ನ ಸುಮಾರು ನಾಲ್ಕು ಪಟ್ಟನ್ನು ಮೀರಬಾರದು; ಆ ಒತ್ತಡವನ್ನು ಎಲ್ಲಿಂದ ಪಡೆಯಬೇಕೆಂಬುದು ತಯಾರಕರಿಗೆ ಬಿಟ್ಟದ್ದು. ಕಾರಿನ ತಳ ಮತ್ತು ನೆಲದ ನಡುವಿನ ಕಿರಿದಾದ ಸಂದಿನಲ್ಲಿ ಗಾಳಿ ವೇಗವಾಗಿ ನುಗ್ಗಿದಾಗ ಅಲ್ಲಿ ಗಾಳಿಯ ಒತ್ತಡ ಇಳಿದು ಕಾರು ನೆಲಕ್ಕೆ ಅಂಟುತ್ತದೆ. ಬೇಕಾದದ್ದೆಲ್ಲ ತಳದಿಂದಲೇ ಸಿಗುವುದಾದರೆ ರೆಕ್ಕೆ ಏಕೆ? ಪ್ಯೂಜೋ ಕೇಳಿದ ಈ ಪ್ರಶ್ನೆಯಲ್ಲಿ ತಪ್ಪೇನಿಲ್ಲ.

ತೊಡಕು ಇರುವುದು ಉತ್ತರದಲ್ಲಿ. ತಳದಿಂದ ಸಿಗುವ ಡೌನ್‌ಫೋರ್ಸ್ ಆ ಸಂದಿನ ಎತ್ತರವನ್ನೇ ನಂಬಿಕೊಂಡಿದೆ. ಬ್ರೇಕ್ ಒತ್ತಿದರೆ ಮೂತಿ ತಗ್ಗಿ ಹಿಂಭಾಗ ಏಳುತ್ತದೆ. ತಿರುವಿನ ಅಂಚುಗಟ್ಟೆ ಹತ್ತಿದರೆ ಒಂದು ಬದಿ ಮೇಲಾಗುತ್ತದೆ. ಇಂಧನ ಕರಗಿದಂತೆ ಕಾರು ಹಗುರವಾಗುತ್ತದೆ. ಪ್ರತಿ ಸಲವೂ ಸಂದು ಬದಲಾಗುತ್ತದೆ, ಡೌನ್‌ಫೋರ್ಸ್ ಕೂಡ ಬದಲಾಗುತ್ತದೆ. ಎತ್ತರದಲ್ಲಿ ನಿಂತ ರೆಕ್ಕೆಗೆ ಈ ಏರಿಳಿತದ ಗೊಡವೆ ಕಡಿಮೆ. ಕೋನವನ್ನು ತುಸು ತಿರುಗಿಸಿದರೆ ಹಿಂದುಮುಂದಿನ ಸಮತೋಲವೂ ಕೈಗೆ ಬರುತ್ತದೆ. ತಳದ ಹಿಂತುದಿಯಲ್ಲಿ ಗಾಳಿಗೆ ದಾರಿ ಕೊಡುವ ಡಿಫ್ಯೂಸರ್‌ನಿಂದ ಅದು ಸರಾಗವಾಗಿ ಹೊರಬರಲೂ ರೆಕ್ಕೆ ನೆರವಾಗುತ್ತದೆ. ತಳವನ್ನೇ ನಂಬಿದ ಕಾರಿಗೆ ಬಿಗಿಯಾದ ಸಸ್ಪೆನ್ಷನ್ ಬೇಕು, ಬಿಗಿ ಹೆಚ್ಚಿದಷ್ಟೂ ಅದು ಉಬ್ಬುತಗ್ಗಿನಲ್ಲಿ ಕುಪ್ಪಳಿಸುತ್ತದೆ.

ಎಷ್ಟೇ ಚೆನ್ನಾಗಿ ಬರೆದರೂ ಅರವತ್ತಕ್ಕಿಂತ ಹೆಚ್ಚು ಅಂಕ ಕೊಡದ ಪರೀಕ್ಷೆಯಲ್ಲಿ ಜಾಣತನವೆಂದರೆ ಯಾವ ವಿಷಯದಲ್ಲೂ ಅರವತ್ತು ತಪ್ಪದಂತೆ ನೋಡಿಕೊಳ್ಳುವುದು. ಗಾಳಿಯಿಂದ ದಕ್ಕುವ ಲಾಭಕ್ಕೆ ನಿಯಮವೇ ಮಿತಿ ಹಾಕಿರುವಾಗ ರೆಕ್ಕೆ ತೆಗೆದು ಉಳಿಸಿದ ಡ್ರ್ಯಾಗ್‌ಗೆ ಹೆಚ್ಚಿನ ಬೆಲೆ ಸಿಗಲಿಲ್ಲ; ಕಳೆದುಕೊಂಡ ಹೊಂದಾಣಿಕೆಗೆ ಮಾತ್ರ ಪೂರ್ತಿ ಬೆಲೆ ತೆರಬೇಕಾಯಿತು. ಟೈರುಗಳದ್ದೂ ಇದೇ ಕಥೆ. ಮುಂದಿನ ಚಕ್ರಗಳಿಗೆ ವಿದ್ಯುತ್ ಮೋಟರಿನ ಬಲ ಇರುವುದೆಂದು ನಾಲ್ಕೂ ಕಡೆ 31 ಸೆಂ.ಮೀ. ಅಗಲದ ಟೈರು ಹಾಕಿದರು. ಆದರೆ ಆ ಮೋಟರನ್ನು ಗೊತ್ತುಪಡಿಸಿದ ವೇಗ ದಾಟಿದ ಮೇಲಷ್ಟೇ ಬಳಸಬಹುದಿತ್ತು. ಹಾಗಾಗಿ ನಿಧಾನದ ತಿರುವಿನಿಂದ ಹೊರಬರುವಾಗ ಭಾರವೆಲ್ಲ ಹಿಂದಿನ ಚಕ್ರಗಳ ಮೇಲೆ. ಎದುರಾಳಿಗಳ ಹಿಂದಿನ ಟೈರಿನ ಅಗಲವೋ 34 ಸೆಂ.ಮೀ.

ರೇಸುಗಳ ಫಲಿತಾಂಶ ಈ ವಾದಕ್ಕೆ ಸಾಕ್ಷಿ. 2022ರ ಜುಲೈನಲ್ಲಿ ಮೊಂಝಾದಲ್ಲಿ ಕಣಕ್ಕಿಳಿದ ಕಾರು ಮೂರನೇ ಸ್ಥಾನಕ್ಕೆ ಬಂದದ್ದು ಮರುವರ್ಷ, ಅದೇ ಮೊಂಝಾದಲ್ಲಿ. ಅಲ್ಲಿ ಉದ್ದನೆಯ ನೇರದಾರಿಗಳೇ ಹೆಚ್ಚು, ಡೌನ್‌ಫೋರ್ಸ್‌ನ ಅಗತ್ಯ ಕಡಿಮೆ. 2024ರ ಮಾರ್ಚ್‌ನಲ್ಲಿ ಕತಾರಿನ ನಯವಾದ ಲುಸೈಲ್ ಟ್ರ್ಯಾಕಿನಲ್ಲಿ ಎರಡನೇ ಸ್ಥಾನದಲ್ಲಿ ಓಡುತ್ತಿದ್ದಾಗ ಕೊನೆಗಳಿಗೆಯಲ್ಲಿ ಇಂಧನದ ತೊಂದರೆಯಿಂದ ಅದೂ ಕೈತಪ್ಪಿತು. ರೆಕ್ಕೆಯಿಲ್ಲದ ರೂಪದಲ್ಲಿ ಅದೇ ಅದರ ಕೊನೆಯ ರೇಸು. ನಯವಾದ ನೆಲದಲ್ಲಿ ಮಿಂಚಿ ಮಿಕ್ಕ ಕಡೆ ಬಳಲುವ ಕಾರು ವರ್ಷವಿಡೀ ದೇಶದೇಶ ಸುತ್ತುವ ಚಾಂಪಿಯನ್‌ಷಿಪ್‌ಗೆ ಒದಗದು. ಸಾಂಪ್ರದಾಯಿಕವಾಗಿ ರೆಕ್ಕೆ ಹೊತ್ತ ಫೆರಾರಿ 499ಪಿ 2023ರಲ್ಲಿ ತನ್ನ ಮೊದಲ ಲ ಮಾನ್‌ನಲ್ಲೇ ಗೆದ್ದುಬಿಟ್ಟಿತು.

ಹಾಗೆಂದು ದೋಷವನ್ನೆಲ್ಲ ಇಲ್ಲದ ರೆಕ್ಕೆಯ ತಲೆಗೆ ಕಟ್ಟುವುದೂ ಸರಿಯಲ್ಲ. ರೆಕ್ಕೆ ಬಂದು, ಟೈರುಗಳು 29 ಮತ್ತು 34 ಸೆಂ.ಮೀ.ಗೆ ಬದಲಾದ ಮೇಲೂ 2024ರ ಲ ಮಾನ್‌ನಲ್ಲಿ ಪ್ಯೂಜೋ ಮೊದಲ ಹತ್ತರೊಳಗೆ ಬರಲಿಲ್ಲ. ವಿನ್ಯಾಸಕಲೆಯಾಗಿ 9ಎಕ್ಸ್8ಕ್ಕೆ ನನ್ನ ಪೂರ್ಣ ಮೆಚ್ಚುಗೆಯಿದೆ. ಒಂದೇ ಅಚ್ಚಿನ ಕಾರುಗಳ ಸಾಲಿನಲ್ಲಿ ಅದು ನಿಜವಾಗಿ ಬೇರೆಯಾಗಿ ಯೋಚಿಸಿತು. ರೇಸಿನ ಸಲಕರಣೆಯಾಗಿ ಮಾತ್ರ ಅದು ಸೋತಿತು. ರೆಕ್ಕೆ ಬಿಡಲು ನಿಯಮ ಅನುಮತಿ ಕೊಟ್ಟಿತ್ತು ನಿಜ, ಬಿಟ್ಟವರಿಗೆ ಬಹುಮಾನವನ್ನೇನೂ ಇಟ್ಟಿರಲಿಲ್ಲ. ಇವೆರಡರ ನಡುವಿನ ಅಂತರವನ್ನು ಪ್ಯೂಜೋ ಅಳೆದದ್ದು ಎರಡು ಋತುಗಳನ್ನು ಕಳೆದುಕೊಂಡ ಮೇಲೆ.